ಕ್ಯಾಲ್ಸಿಯಂ ಸ್ಟ್ರಿಪ್ಪಿನ ಸಣ್ಣ ಅಕ್ಷರ: ವಿಟಮಿನ್ ಕೆ ಯಾರಿಗೆ ಬೇಕು, ಯಾರಿಗೆ ಬೇಡ?

ನಾನು ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ 22 ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸ್ತಾ ಇದ್ದೀನಿ. ಇವತ್ತು ವಿಟಮಿನ್ ಕೆ ಬಗ್ಗೆ ಮಾತಾಡೋಣ. ಈ ವಿಷಯ ಆರಿಸಿಕೊಳ್ಳೋಕೆ ಕಾರಣ ನನ್ನ ಅಂಗಡಿಯಲ್ಲಿ ನಾನೇ ಮಾಡಿದ ಒಂದು ತಪ್ಪು. ಅದನ್ನೇ ಮೊದಲು ಹೇಳಿಬಿಡ್ತೀನಿ.

ನಮ್ಮ ಅತ್ತಿಗೆಗೆ ಈಗ 56 ವರ್ಷ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ವಾಲ್ವ್ ಹಾಳಾಗಿತ್ತು. 14 ವರ್ಷದ ಹಿಂದೆ ಆಪರೇಷನ್ ಮಾಡಿ ಮೆಕ್ಯಾನಿಕಲ್ ವಾಲ್ವ್ ಹಾಕಿದ್ರು. ಅಂಥ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೇ ದಿನಾ ಸಂಜೆ ಅಸಿಟ್ರೋಮ್ ಮಾತ್ರೆ, ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಅಳೆಯೋ ಲೆಕ್ಕ ಅದು. ಆರೋಗ್ಯವಂತರಲ್ಲಿ ಸುಮಾರು 1 ಇರುತ್ತೆ. ಅತ್ತಿಗೆಗೆ ಡಾಕ್ಟರು ಹೇಳಿದ್ದು 2.5ರಿಂದ 3.5ರ ಒಳಗೆ ಇರಬೇಕು ಅಂತ.

ಹೋದ ವರ್ಷ ಅವರಿಗೆ ಮಂಡಿನೋವು ಶುರುವಾಯ್ತು. ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿಕೊಂಡು ಅಂಗಡಿಗೆ ಬಂದ್ರು. "ಬರೀ ಕ್ಯಾಲ್ಸಿಯಂ ತಿಂದ್ರೆ ಅದು ರಕ್ತನಾಳಕ್ಕೆ ಹೋಗಿ ಕೂತ್ಕೊಳುತ್ತಂತೆ ಕಣಪ್ಪ. ಕೆ-2 ಇರೋದನ್ನೇ ಕೊಡು" ಅಂದ್ರು. ಸಂಜೆ ಹೊತ್ತು, ಅಂಗಡಿ ತುಂಬ ಜನ. "ತಗೊಳ್ಳಿ ಅತ್ತಿಗೆ" ಅಂತ ಎರಡು ಸ್ಟ್ರಿಪ್ ಕೊಟ್ಟೆ. ಅವರ ಅಸಿಟ್ರೋಮ್ ಕೊಡೋನೂ ನಾನೇ. ಆದರೂ ಎರಡನ್ನೂ ಸೇರಿಸಿ ಯೋಚನೆ ಮಾಡ್ಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಐಎನ್‌ಆರ್ 1.7. ಅದರ ಹಿಂದಿನ ತಿಂಗಳು 2.9 ಇತ್ತು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಅಂತ ಅತ್ತಿಗೆ ಆಣೆ ಮಾಡಿ ಹೇಳ್ತಾರೆ. ಆಗ ಡಾಕ್ಟರು ಒಂದೇ ಪ್ರಶ್ನೆ ಕೇಳಿದ್ರು: "ಹೊಸದಾಗಿ ಏನು ತಗೋತಾ ಇದ್ದೀರಿ?" ಅತ್ತಿಗೆ ಬ್ಯಾಗಿಂದ ನಾನು ಕೊಟ್ಟ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ರು. ಅದನ್ನ ನಿಲ್ಲಿಸಿ, ಐಎನ್‌ಆರ್ ಮತ್ತೆ ಮೇಲೆ ಬರೋವರೆಗೂ ಹೊಟ್ಟೆಗೆ ಇಂಜೆಕ್ಷನ್ ಕೊಟ್ರು. ವಾಲ್ವಿಗೆ ಏನೂ ಆಗಲಿಲ್ಲ. ಆಗಿದ್ದಿದ್ರೆ? ವಾಲ್ವ್ ಸಿಕ್ಕಿಕೊಳ್ಳಬಹುದಿತ್ತು, ಇಲ್ಲಾ ಹೆಪ್ಪು ಮೆದುಳಿಗೆ ಹೋಗಿ ಲಕ್ವ ಹೊಡೀಬಹುದಿತ್ತು. ಆ ವಾರ ಪೂರ್ತಿ ನನಗೆ ನಿದ್ದೆ ಬರಲಿಲ್ಲ.

ಇದು ಹೇಗಾಯ್ತು ಅಂತ ಅರ್ಥ ಆಗಬೇಕಾದ್ರೆ ವಿಟಮಿನ್ ಕೆ ಏನು ಕೆಲಸ ಮಾಡುತ್ತೆ ಅಂತ ಗೊತ್ತಿರಬೇಕು.

ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಅನ್ನೋ ವಿಜ್ಞಾನಿ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ಪ್ರಯೋಗ ಮಾಡ್ತಿದ್ರು. ಮರಿಗಳಿಗೆ ಚರ್ಮದ ಕೆಳಗೆ ರಕ್ತಸ್ರಾವ ಆಗೋಕೆ ಶುರುವಾಯ್ತು. ಆಹಾರದಲ್ಲಿ ಯಾವುದೋ ಒಂದು ಅಂಶ ಕಮ್ಮಿಯಾಗಿದೆ ಅಂತ ಗೊತ್ತಾಗಿ, 1935ರಲ್ಲಿ ಅದಕ್ಕೆ ವಿಟಮಿನ್ ಕೆ ಅಂತ ಹೆಸರಿಟ್ರು. ಹೆಪ್ಪುಗಟ್ಟುವಿಕೆಗೆ ಅವರ ಭಾಷೆಯಲ್ಲಿ 'ಕೊಆಗುಲೇಷನ್' ಅಂತಾರೆ, ಅದರ ಸ್ಪೆಲಿಂಗ್ ಶುರುವಾಗೋದೇ 'ಕೆ' ಅಕ್ಷರದಿಂದ. 1943ರ ನೊಬೆಲ್ ಪ್ರಶಸ್ತಿ ಡ್ಯಾಮ್ ಮತ್ತು ಅಮೆರಿಕದ ಎಡ್ವರ್ಡ್ ಡಾಯ್ಸಿ ಇಬ್ಬರಿಗೂ ಹಂಚಿಹೋಯ್ತು.

ನಮ್ಮ ದೇಹದ ಕೆಲವು ಪ್ರೋಟೀನ್‌ಗಳು ಕ್ಯಾಲ್ಸಿಯಂ ಹಿಡಿದುಕೊಳ್ಳಬೇಕು. ಆ ಹಿಡಿತ ಕೊಡೋದು ವಿಟಮಿನ್ ಕೆ. ಲಿವರಿನಲ್ಲಿ ತಯಾರಾಗೋ ಹೆಪ್ಪುಗಟ್ಟಿಸೋ ಪ್ರೋಟೀನ್‌ಗಳಿಗೆ ಅದು ಬೇಕು. ಮೂಳೆಯಲ್ಲಿರೋ ಆಸ್ಟಿಯೋಕ್ಯಾಲ್ಸಿನ್‌ಗೂ ಬೇಕು. ರಕ್ತನಾಳದಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳದ ಹಾಗೆ ಕಾಯೋ ಇನ್ನೊಂದು ಪ್ರೋಟೀನ್‌ಗೂ ಬೇಕು.

ವಾರ್ಫರಿನ್, ಅಸಿಟ್ರೋಮ್ ಈ ಜಾತಿಯ ಮಾತ್ರೆಗಳು ಮಾಡೋದು ಇದರ ಉಲ್ಟಾ ಕೆಲಸ. ಬಳಸಿದ ವಿಟಮಿನ್ ಕೆ ದೇಹದಲ್ಲಿ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತಲ್ಲ, ಆ ದಾರಿಯನ್ನ ಅವು ಮುಚ್ಚುತ್ತವೆ. ಒಂದು ಕಡೆ ದಾರಿ ಮುಚ್ಚೋ ಮಾತ್ರೆ ನುಂಗಿ, ಇನ್ನೊಂದು ಕಡೆ ಅದೇ ವಿಟಮಿನ್ ತುಂಬಿದ್ರೆ ಏನಾಗುತ್ತೆ? ಅತ್ತಿಗೆಗೆ ಆಗಿದ್ದೇ ಆಗುತ್ತೆ.

ವಿಟಮಿನ್ ಕೆಯಲ್ಲಿ ಎರಡು ಬಗೆ ಇದೆ. ಕೆ-1 ಸೊಪ್ಪಿನಲ್ಲಿರುತ್ತೆ. ಕೆ-2 ಹುದುಗಿಸಿದ ಆಹಾರ, ಚೀಸ್, ಮೊಟ್ಟೆಯ ಹಳದಿಯಲ್ಲಿರುತ್ತೆ. ಜಪಾನಿನಲ್ಲಿ ಸೋಯಾ ಕಾಳು ಹುದುಗಿಸಿ ಮಾಡೋ ನ್ಯಾಟೋದಲ್ಲಿ ತುಂಬಾ ಜಾಸ್ತಿ. ಕ್ಯಾಲ್ಸಿಯಂ ಸ್ಟ್ರಿಪ್ ಹಿಂದೆ 'ಕೆ-2-7' ಅಥವಾ 'ಎಂಕೆ-7' ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಲ್ಲ, ಅದು ಈ ಬಗೆಯದ್ದು. ಕೆ-1 ರಕ್ತದಿಂದ ಕೆಲವೇ ಗಂಟೆಯಲ್ಲಿ ಇಳಿದುಹೋದರೆ, ಎಂಕೆ-7 ದಿನಗಟ್ಟಲೆ ಉಳಿಯುತ್ತೆ. ಹಾಗಾಗಿ ದಿನಕ್ಕೆ 10-20 ಮೈಕ್ರೋಗ್ರಾಂನಷ್ಟು ಕಮ್ಮಿ ಪ್ರಮಾಣ ಕೂಡ ಕೆಲವರಲ್ಲಿ ಐಎನ್‌ಆರ್ ಇಳಿಸಬಲ್ಲದು ಅಂತ ಅಧ್ಯಯನಗಳು ತೋರಿಸಿವೆ.

ಸರಿ, ಇಂಥ ಮಾತ್ರೆ ತಗೊಳ್ಳದ ಉಳಿದವರಿಗೆ ಕೆ-2 ಒಳ್ಳೆಯದಾ? ಕೌಂಟರಿನಲ್ಲಿ ದಿನಾ ಕೇಳೋ ಪ್ರಶ್ನೆ ಇದು.

ಮೊದಲು ಹೃದಯದ ವಿಷಯ. ರಕ್ತನಾಳ ಕಾಯೋ ಪ್ರೋಟೀನ್ ಇಲ್ಲದ ಹಾಗೆ ಬೆಳೆಸಿದ ಇಲಿಗಳ ರಕ್ತನಾಳ ಕ್ಯಾಲ್ಸಿಯಂ ಕಟ್ಟಿ ಗಟ್ಟಿಯಾಗಿ, ಅವು ಎರಡು ತಿಂಗಳ ಒಳಗೆ ಸತ್ತವು ಅಂತ 1997ರಲ್ಲಿ ವರದಿಯಾಯ್ತು. 2004ರಲ್ಲಿ ನೆದರ್ಲೆಂಡ್ಸಿನ ರೋಟರ್‌ಡ್ಯಾಮ್ ಅಧ್ಯಯನ ಬಂತು. 4,807 ಜನರಲ್ಲಿ, ಆಹಾರದ ಮೂಲಕ ಕೆ-2 ಹೆಚ್ಚು ತಿನ್ನೋರಿಗೆ ಹೃದಯಾಘಾತದಂಥ ಕಾಯಿಲೆಯಿಂದ ಸಾವು ಕಮ್ಮಿ ಅಂತ ಕಂಡುಬಂತು. ವಿಡಿಯೋದಲ್ಲಿ ಹೇಳೋದು ಇಲ್ಲಿವರೆಗೆ ಮಾತ್ರ. ಆದರೆ ಅದು ಮಾತ್ರೆ ಕೊಟ್ಟು ನೋಡಿದ್ದಲ್ಲ, ಜನ ಏನು ತಿಂತಾರೆ ಅಂತ ಕೇಳಿ ನೋಡಿದ್ದು. ಮಾತ್ರೆ ಕೊಟ್ಟು ನೋಡಿದ್ದು ಡೆನ್ಮಾರ್ಕಿನಲ್ಲಿ. ಹೃದಯದ ವಾಲ್ವಿನಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿದ್ದ 365 ಗಂಡಸರಲ್ಲಿ ಒಂದು ಗುಂಪಿಗೆ ದಿನಕ್ಕೆ 720 ಮೈಕ್ರೋಗ್ರಾಂ ಎಂಕೆ-7, ಜೊತೆಗೆ ವಿಟಮಿನ್ ಡಿ ಎರಡು ವರ್ಷ ಕೊಟ್ರು. ಇನ್ನೊಂದು ಗುಂಪಿಗೆ ಔಷಧವೇ ಇಲ್ಲದ ಡಮ್ಮಿ ಮಾತ್ರೆ. 2022ರಲ್ಲಿ ಫಲಿತಾಂಶ ಬಂತು: ವಾಲ್ವಿನಲ್ಲಿ ಕ್ಯಾಲ್ಸಿಯಂ ಬೆಳೆಯೋದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಮೂಳೆಯ ವಿಷಯ ಸ್ವಲ್ಪ ಬೇರೆ, ಫಲಿತಾಂಶ ಮಿಶ್ರ. ನೆದರ್ಲೆಂಡ್ಸಿನಲ್ಲಿ ಮುಟ್ಟು ನಿಂತ 244 ಹೆಂಗಸರ ಮೇಲೆ ಮೂರು ವರ್ಷದ ಪ್ರಯೋಗ ನಡೀತು. ದಿನಕ್ಕೆ 180 ಮೈಕ್ರೋಗ್ರಾಂ ಎಂಕೆ-7 ತಗೊಂಡವರಲ್ಲಿ ಬೆನ್ನುಮೂಳೆ ಸವೆಯೋದು ಸ್ವಲ್ಪ ನಿಧಾನವಾಯ್ತು. ನಾರ್ವೆಯಲ್ಲಿ ಅದರ ಎರಡರಷ್ಟು, ಅಂದರೆ 360 ಮೈಕ್ರೋಗ್ರಾಂ ಒಂದು ವರ್ಷ ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ಜಪಾನಿನಲ್ಲಿ ಎಂಕೆ-4 ಅನ್ನೋ ಇನ್ನೊಂದು ಬಗೆಯನ್ನ ಮೂಳೆ ಸವೆತಕ್ಕೆ ಔಷಧವಾಗೇ ಕೊಡ್ತಾರೆ. ಆದರೆ ಪ್ರಮಾಣ ದಿನಕ್ಕೆ 45 ಮಿಲಿಗ್ರಾಂ. ಮೈಕ್ರೋಗ್ರಾಂ ಅಲ್ಲ, ಮಿಲಿಗ್ರಾಂ. ನಮ್ಮ ಸ್ಟ್ರಿಪ್ಪಿನಲ್ಲಿರೋ ಪ್ರಮಾಣಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಹಾಗಾದ್ರೆ ನನ್ನ ಮಾತು ಇಷ್ಟು. ಬೇರೆ ತೊಂದರೆ ಇಲ್ಲದವರಿಗೆ ಕೆ-2ಯಿಂದ ದೊಡ್ಡ ಅಪಾಯ ಇಲ್ಲ. ಆದರೆ ಹೃದಯ ಕಾಪಾಡುತ್ತೆ ಅಂತ ನಂಬಿ ಜಾಸ್ತಿ ದುಡ್ಡು ಕೊಡೋಕೆ ಆಧಾರ ಸಾಲದು. ಮೂಳೆ ಸವೆದಿದೆ ಅಂತ ಡೆಕ್ಸಾ ಸ್ಕ್ಯಾನಿನಲ್ಲಿ ಬಂದಿದ್ರೆ, ಮೂಳೆ ಮುರಿಯೋದನ್ನ ತಪ್ಪಿಸ್ತವೆ ಅಂತ ಸಾಬೀತಾದ ಔಷಧಗಳು ಬೇರೆ ಇವೆ. ಅದನ್ನ ಡಾಕ್ಟರ ಹತ್ತಿರ ಕೇಳಿ.

ಇನ್ನು ಆಹಾರ. ಅಮೆರಿಕದ ಲೆಕ್ಕದ ಪ್ರಕಾರ ವಯಸ್ಕ ಹೆಂಗಸರಿಗೆ ದಿನಕ್ಕೆ 90, ಗಂಡಸರಿಗೆ 120 ಮೈಕ್ರೋಗ್ರಾಂ ವಿಟಮಿನ್ ಕೆ ಸಾಕು. 100 ಗ್ರಾಂ ಹಸಿ ಪಾಲಕ್ ಸೊಪ್ಪಿನಲ್ಲೇ ಸುಮಾರು 480 ಇದೆ, ಕೊತ್ತಂಬರಿ ಸೊಪ್ಪಿನಲ್ಲಿ ಸುಮಾರು 310. ಇದು ಕೊಬ್ಬಿನಲ್ಲಿ ಕರಗೋ ವಿಟಮಿನ್, ಹಾಗಾಗಿ ಎಣ್ಣೆಯ ಒಗ್ಗರಣೆ ಬಿದ್ದರೆ ದೇಹಕ್ಕೆ ಚೆನ್ನಾಗಿ ಹತ್ತುತ್ತೆ. ಬಸ್ಸಾರು, ಮಸ್ಸೊಪ್ಪು ಮಾಡೋ ಮನೆಯಲ್ಲಿ ಕೆ-1ಗೆ ಬರ ಇಲ್ಲ.

ಅಸಿಟ್ರೋಮ್ ಅಥವಾ ವಾರ್ಫರಿನ್ ತಗೊಳ್ಳೋರು ಒಂದು ಮಾತು ಗಮನ ಇಟ್ಟು ಕೇಳಿ. ಸೊಪ್ಪು ಪೂರ್ತಿ ಬಿಡಬೇಡಿ. ವಾರ ವಾರ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿನ್ನಿ, ಮಾತ್ರೆಯ ಲೆಕ್ಕ ಅದಕ್ಕೆ ಹೊಂದಿಕೊಂಡಿರುತ್ತೆ. ಒಂದು ವಾರ ಏನೂ ಇಲ್ಲ, ಮುಂದಿನ ವಾರ ದಿನಾ ಸೊಪ್ಪು ಅಂತ ಮಾಡಿದ್ರೆ ಐಎನ್‌ಆರ್ ಏರುಪೇರಾಗುತ್ತೆ. ಈಗಾಗಲೇ ಕೆ-2 ಇರೋ ಮಾತ್ರೆ ತಗೋತಾ ಇದ್ದೀರಾ? ನೀವಾಗೇ ದಿಢೀರ್ ಅಂತ ನಿಲ್ಲಿಸಬೇಡಿ, ಮುಂದುವರಿಸೋಕೂ ಹೋಗಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಯಾಕಂದ್ರೆ ಅದು ಇದ್ದಾಗ ನಿಮ್ಮ ಡೋಸ್ ಏರಿಸಿದ್ರೆ, ನಿಲ್ಲಿಸಿದಾಗ ರಕ್ತಸ್ರಾವದ ಭಯ. ಎಪಿಕ್ಸಬಾನ್, ರಿವರೊಕ್ಸಬಾನ್‌ನಂಥ ಹೊಸ ಮಾತ್ರೆಗಳು, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಕೆಲಸ ಮಾಡೋ ದಾರಿ ಬೇರೆ, ಅವಕ್ಕೆ ವಿಟಮಿನ್ ಕೆ ಅಡ್ಡ ಬರಲ್ಲ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ರೆ ಸ್ಟ್ರಿಪ್ ತಗೊಂಡು ಹೋಗಿ ತೋರಿಸಿ.

ವಿಟಮಿನ್ ಕೆ ಬಗ್ಗೆ ಅನುಮಾನವೇ ಇಲ್ಲದೆ ಒಪ್ಪಬೇಕಾದ ಜಾಗವೂ ಒಂದಿದೆ: ಹುಟ್ಟಿದ ಮಗುವಿಗೆ ಕೊಡೋ ಇಂಜೆಕ್ಷನ್. ಮಗು ಹುಟ್ಟುವಾಗ ಅದರ ದೇಹದಲ್ಲಿ ಈ ವಿಟಮಿನ್ ತೀರಾ ಕಮ್ಮಿ ಇರುತ್ತೆ, ತಾಯಿಯ ಹಾಲಿನಲ್ಲೂ ಕಮ್ಮಿ. ಮೆದುಳಿನಲ್ಲಿ ರಕ್ತಸ್ರಾವ ಆಗೋದನ್ನ ಆ ಒಂದು ಚುಚ್ಚುಮದ್ದು ತಪ್ಪಿಸುತ್ತೆ. ಅದನ್ನ ಮಾತ್ರ ಬೇಡ ಅನ್ನಬೇಡಿ.

ಅತ್ತಿಗೆ ಈಗ ಚೆನ್ನಾಗಿದ್ದಾರೆ, ಹೋದ ತಿಂಗಳು ಐಎನ್‌ಆರ್ 2.8. ಕೆ-2 ಇಲ್ಲದ ಕ್ಯಾಲ್ಸಿಯಂ ಮಾತ್ರೆಯನ್ನ ಡಾಕ್ಟರೇ ಬರೆದುಕೊಟ್ಟಿದ್ದಾರೆ. ಅಂಗಡಿಗೆ ಬಂದಾಗಲೆಲ್ಲ "ಹಿಂದಿನ ಅಕ್ಷರ ಓದಿದ್ಯೇನಪ್ಪ?" ಅಂತ ಕೇಳ್ತಾರೆ. ನಗ್ತಾನೇ ಕೇಳ್ತಾರೆ, ಆದರೆ ನಾನು ಓದಿ ತೋರಿಸೋವರೆಗೂ ದುಡ್ಡು ಕೊಡಲ್ಲ.

ಈಗ ಕ್ಯಾಲ್ಸಿಯಂ ಕೇಳಿಕೊಂಡು ಯಾರೇ ಬರಲಿ, ಎಷ್ಟೇ ಜನ ನಿಂತಿರಲಿ, ಒಂದು ಪ್ರಶ್ನೆ ಕೇಳದೆ ಸ್ಟ್ರಿಪ್ ಕೊಡಲ್ಲ: "ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?" ನಿಮ್ಮೂರಿನ ಅಂಗಡಿಯವರು ಕೇಳಲಿಲ್ಲ ಅಂದ್ರೆ, ನೀವೇ ಹೇಳಿ.