ದಾರಿಯ ಲೆಕ್ಕ

(ಮಣಿನಗರದಲ್ಲಿ ಸೇರಿದ್ದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ನೀವು ಸಾಹಿತ್ಯದ ಮಾತು ಕೇಳಿದ್ದೀರಿ, ಸಂಗೀತ ಕೇಳಿದ್ದೀರಿ, ನಾಡುನುಡಿಯ ಚಿಂತೆ ಕೇಳಿದ್ದೀರಿ. ಇಂದು ಜಲ್ಲಿ, ಡಾಂಬರು, ಮೋರಿ, ಕಂದಾಯಗಳ ಮಾತನ್ನು ಆಡಲು ನನಗೆ ಅನುಮತಿ ಕೊಟ್ಟಿದ್ದೀರಿ. ಅದಕ್ಕಾಗಿ ಕೃತಜ್ಞ. ಇದಕ್ಕೊಂದು ಕಾರಣವಿದೆ. ನಾನಿರುವ ಸೊಸೈಟಿಯ ಒಳರಸ್ತೆ ಪ್ರತಿ ಮಳೆಗಾಲಕ್ಕೂ ಕಿತ್ತುಹೋಗುತ್ತದೆ. ಅದನ್ನು ಹೊಸದಾಗಿ ಮಾಡಿಸಲು ಸರ್ಕಾರದ ಯೋಜನೆಯೊಂದಿದೆ, ಆದರೆ ನಿವಾಸಿಗಳೂ ಪಾಲು ಕೊಡಬೇಕು. ಈ ವಿಷಯ ಸಭೆಗೆ ಬಂದಾಗ ಮೊದಲು ಹಿಂಜರಿದವರು ನಮ್ಮವರೇ. "ನಾವು ಎಷ್ಟಾದರೂ ಹೊರಗಿನವರು, ನಿವೃತ್ತಿಯಾದ ಮೇಲೆ ಊರಿಗೆ ಹೋಗುವವರು, ನಮಗೇಕೆ ಇದೆಲ್ಲ" ಎಂಬ ಮಾತು ಬಂತು. ಆ ಮಾತಿಗೆ ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಆಮೇಲೆ ಮನೆಗೆ ಬಂದು ಯೋಚಿಸಿದಾಗ ಆದ ನಾಚಿಕೆಯೇ ಇಂದಿನ ಭಾಷಣದ ಮೂಲ.

ಅಹಮದಾಬಾದು ಹಣದ ಲೆಕ್ಕ ಬಲ್ಲ ಊರು. 1830ರ ದಶಕದಲ್ಲಿ ಶಿಥಿಲವಾಗಿದ್ದ ಕೋಟೆಗೋಡೆಯನ್ನು ರಿಪೇರಿ ಮಾಡಿಸಲು ಇಲ್ಲಿ ಒಂದು ಸಮಿತಿ ರಚನೆಯಾಯಿತು. ಅದಕ್ಕೆ ಹಣ ಬಂದದ್ದು ತುಪ್ಪವೇ ಮೊದಲಾದ ಸರಕುಗಳ ಮೇಲೆ ಹಾಕಿದ ಸಣ್ಣ ಸುಂಕದಿಂದ. ಊರಿನ ಗೋಡೆಗೆ ಊರೇ ಹಣ ಹೊಂದಿಸಿದ ಆ ವ್ಯವಸ್ಥೆಯೇ ಇಲ್ಲಿಯ ಪೌರಾಡಳಿತದ ಬೀಜ. ಮುಂದೆ 1924ರಿಂದ 1928ರವರೆಗೆ ಸರ್ದಾರ್ ವಲ್ಲಭಭಾಯಿ ಪಟೇಲರು ಈ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು. ದೇಶದ ದೊಡ್ಡ ಹೋರಾಟದ ನಡುವೆ ಚರಂಡಿ, ನೀರು, ರಸ್ತೆಗಳ ಕಡತಗಳನ್ನು ನೋಡುವುದು ಅವರಿಗೆ ಕೀಳಾಗಿ ಕಾಣಲಿಲ್ಲ. ನಮಗೇಕೆ ಕಾಣಬೇಕು?

ಬಹುಕಾಲ ಈ ನಗರದ ಮುಖ್ಯ ಆದಾಯ ಆಕ್ಟ್ರಾಯ್. ಊರಿನ ಅಂಚಿನ ನಾಕಾಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುತ್ತಿದ್ದುದನ್ನು ನಮ್ಮಲ್ಲಿ ಹಿರಿಯರು ಕಂಡಿದ್ದಾರೆ. ಕರ್ನಾಟಕದಲ್ಲಿ ಇದು 1979ರಲ್ಲೇ ರದ್ದಾಗಿತ್ತು. ಆದ್ದರಿಂದ ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಅದೊಂದು ವಿಚಿತ್ರ. ಆಕ್ಟ್ರಾಯಿಯ ಗುಣವೆಂದರೆ ಅದು ಕಣ್ಣಿಗೆ ಕಾಣದ ತೆರಿಗೆ. ನಾವು ಕೊಂಡ ಅಕ್ಕಿ, ಸೋಪು, ಸೀರೆಗಳ ಬೆಲೆಯಲ್ಲಿ ಅದು ಅಡಗಿರುತ್ತಿತ್ತು. ಬಾಡಿಗೆಮನೆಯಲ್ಲಿದ್ದ ಗುಮಾಸ್ತನೂ, ಗಿರಣಿಯ ಕಾರ್ಮಿಕನೂ ಈ ಊರಿನ ರಸ್ತೆಗೆ ಹಣ ಕೊಟ್ಟವರೇ. ಕೊಟ್ಟದ್ದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಕೊಟ್ಟದ್ದು ಗೊತ್ತಿಲ್ಲದವನು ಲೆಕ್ಕ ಕೇಳುವುದಿಲ್ಲ. "ಹೊರಗಿನವರು" ಎಂಬ ನಮ್ಮ ಭಾವನೆಯ ಬೇರು ಇಲ್ಲಿಯೂ ಇದೆಯೆಂದು ನನಗೆ ತೋರುತ್ತದೆ.

1990ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿಯ ಕಾರ್ಪೊರೇಷನ್ನು ನಷ್ಟದಲ್ಲಿತ್ತು. 1994ರಲ್ಲಿ ಆಯುಕ್ತರಾಗಿ ಬಂದ ಕೇಶವ ವರ್ಮಾ ಅವರ ಕಾಲದಲ್ಲಿ ನಾಕಾಗಳ ಸೋರಿಕೆ ತಡೆದು, ಬಾಕಿದಾರರಿಂದ ಆಸ್ತಿ ತೆರಿಗೆ ವಸೂಲು ಮಾಡಿ, ಲೆಕ್ಕಪತ್ರಗಳನ್ನು ಸರಿಪಡಿಸಿದ ಮೇಲೆ ಖಜಾನೆಯಲ್ಲಿ ಮಿಗತೆ ಕಾಣಿಸಿತು. 1996ರಲ್ಲಿ ಕ್ರಿಸಿಲ್ ಸಂಸ್ಥೆ ಈ ನಗರದ ಸಾಲಯೋಗ್ಯತೆಯನ್ನು ಅಳೆದು ದರ್ಜೆ ಕೊಟ್ಟಿತು. 1998ರ ಜನವರಿಯಲ್ಲಿ ಕಾರ್ಪೊರೇಷನ್ನು 100 ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಹೊರತಂದಿತು. ಬಡ್ಡಿ ನೂರಕ್ಕೆ 14, ಅವಧಿ 7 ವರ್ಷ. ರಾಜ್ಯ ಸರ್ಕಾರದ ಖಾತರಿ ಇಲ್ಲದೆ ಭಾರತದ ಒಂದು ನಗರ ಎತ್ತಿದ ಮೊದಲ ಇಂಥ ಸಾಲ ಅದು. ಅದಕ್ಕೆ ಆಧಾರವಾಗಿ ಇಟ್ಟದ್ದು ಹತ್ತು ನಾಕಾಗಳ ಆಕ್ಟ್ರಾಯ್ ಆದಾಯ. ಆ ಹಣ ಮುಖ್ಯವಾಗಿ ನೀರು ಮತ್ತು ಒಳಚರಂಡಿಗೆ ಹೋಯಿತು. ರಸ್ತೆಯ ಭಾಷಣದಲ್ಲಿ ಇದೇಕೆ ಎನ್ನಬೇಡಿ. ಪೈಪು ಹಾಕದೆ ಡಾಂಬರು ಹಾಕಿದರೆ ಮರುವರ್ಷ ಅಗೆಯಲೇಬೇಕು. ನೆಲದೊಳಗಿನ ಕೆಲಸ ಮುಗಿಯುವವರೆಗೆ ನೆಲದ ಮೇಲಿನ ಕೆಲಸಕ್ಕೆ ಆಯುಸ್ಸಿಲ್ಲ.

ಇಲ್ಲಿ ನಮ್ಮ ಬೆಂಗಳೂರನ್ನು ನೆನೆಯಬೇಕು. ಸಾಲಪತ್ರದ ಹಾದಿ ಮೊದಲು ತುಳಿದದ್ದು ಬೆಂಗಳೂರು ಮಹಾನಗರಪಾಲಿಕೆಯೇ: 1997ರಲ್ಲಿ, 125 ಕೋಟಿ ರೂಪಾಯಿ, ನಗರದ ರಸ್ತೆ ಮತ್ತು ಚರಂಡಿಗಳಿಗಾಗಿ. ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಇತ್ತು. ಮುಂದೆ ಅದೇ ನಗರದ ಆಡಳಿತ ಸಾಲದ ಹೊರೆಯಿಂದ ಕೆ.ಆರ್. ಮಾರುಕಟ್ಟೆ, ಜಾನ್ಸನ್ ಮಾರುಕಟ್ಟೆಗಳೂ ಸೇರಿ ಹನ್ನೊಂದು ಆಸ್ತಿಗಳನ್ನು ಒತ್ತೆ ಇಡಬೇಕಾಯಿತು. ಅವನ್ನು ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವು. ತವರಿನ ದೋಷವನ್ನು ಹೊರನಾಡಿನಲ್ಲಿ ಆಡಿಕೊಳ್ಳುವ ಚಪಲ ನನಗಿಲ್ಲ. 2000ದಲ್ಲಿ ಸ್ವಯಂ ಘೋಷಣೆಯ ಆಸ್ತಿ ತೆರಿಗೆ ಪದ್ಧತಿಯನ್ನು ತಂದು ದೇಶಕ್ಕೆ ಮೇಲ್ಪಂಕ್ತಿ ಹಾಕಿದ್ದೂ ಬೆಂಗಳೂರೇ. ಅಹಮದಾಬಾದು ವಿಸ್ತೀರ್ಣದ ಆಧಾರದ ತೆರಿಗೆಗೆ ಬಂದದ್ದು ಅದರ ಮರುವರ್ಷ. ಎರಡೂ ಊರುಗಳ ಅನ್ನ ಉಂಡವನಾಗಿ ನಾನು ಕಲಿತದ್ದು ಇಷ್ಟು: ಸಾಲ ಎಲ್ಲರಿಗೂ ಸಿಗುತ್ತದೆ, ತೀರಿಸುವ ದಾರಿಯನ್ನು ಮೊದಲೇ ಕಂಡುಕೊಂಡವನಿಗೆ ಮಾತ್ರ ಅದು ದಕ್ಕುತ್ತದೆ.

ಈಗ ರಸ್ತೆಗೇ ಬರೋಣ. 1990ರ ದಶಕದ ನಡುವೆ ಸಾಬರಮತಿಯ ಪಶ್ಚಿಮಕ್ಕಿರುವ ಸಿ.ಜಿ. ರಸ್ತೆಯನ್ನು ಖಾಸಗಿ ಹಣದಿಂದ ಹೊಸದಾಗಿ ಕಟ್ಟಿದರು. ಹಣ ಹಾಕಿದ್ದು ಅರವಿಂದ್ ಮಿಲ್ಸ್. ಜಾಹೀರಾತು ಮತ್ತು ವಾಹನ ನಿಲುಗಡೆಯ ಆದಾಯದಿಂದ ಅದನ್ನು ಮರಳಿ ಪಡೆಯುವ ಏರ್ಪಾಡು. ಅಂಗಡಿಗಳು ಸಾಲಾಗಿರುವ ರಸ್ತೆಗೆ ಅದು ಒಪ್ಪುತ್ತದೆ. ಗಿರಣಿಗಳು ಮುಚ್ಚಿಹೋದ ಪೂರ್ವದ ಬಡಾವಣೆಯ ಓಣಿಗೆ ಜಾಹೀರಾತು ಹಾಕುವವರು ಯಾರು?

ಆ ಪ್ರಶ್ನೆಗೆ ಉತ್ತರವೂ ಅದೇ ವರ್ಷಗಳಲ್ಲಿ ಹುಟ್ಟಿತು. ಕೊಳೆಗೇರಿ ಸುಧಾರಣೆಯ 'ಪರಿವರ್ತನ' ಯೋಜನೆ 1995ರಲ್ಲಿ ಆರಂಭವಾಯಿತು. ಮೊದಲ ಪ್ರಯೋಗ ನಡೆದದ್ದು 181 ಕುಟುಂಬಗಳಿದ್ದ ಸಂಜಯನಗರದಲ್ಲಿ. ಓಣಿಗೆ ರಸ್ತೆ, ಮನೆಗೆ ನೀರು, ಒಳಚರಂಡಿ, ಶೌಚಾಲಯ, ಮಳೆನೀರಿನ ಕಾಲುವೆ, ಬೀದಿದೀಪ, ಕಸ ವಿಲೇವಾರಿ, ಹೀಗೆ ಏಳು ಸೌಕರ್ಯಗಳು. ಪ್ರತಿ ಮನೆಗೆ ತಗಲುವ ಖರ್ಚನ್ನು ಮೂರು ಪಾಲು ಮಾಡಿದರು. ಕಾರ್ಪೊರೇಷನ್ನಿನದು 2,000 ರೂಪಾಯಿ, ಉದ್ಯಮದ್ದು 2,000, ಆ ಮನೆಯವರದು 2,000. ಒಟ್ಟಿಗೆ ಕೊಡಲಾಗದವರಿಗೆ ಸೇವಾ ಬ್ಯಾಂಕು ಸಾಲ ಕೊಟ್ಟಿತು. ಬದಲಿಗೆ ಹತ್ತು ವರ್ಷ ಅವರನ್ನು ಅಲ್ಲಿಂದ ಎಬ್ಬಿಸುವುದಿಲ್ಲವೆಂಬ ಭರವಸೆಯನ್ನು ಕಾರ್ಪೊರೇಷನ್ನು ಕೊಟ್ಟಿತು.

ಬಂಧುಗಳೆ, ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಕಾಲ ಕೆಳಗಿನ ನೆಲಕ್ಕೆ ಹಕ್ಕುಪತ್ರವಿಲ್ಲದವರು ಅವರು. ನಾಳೆ ಬುಲ್ಡೋಜರ್ ಬಂದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದವರು. "ನಾವು ಹೊರಗಿನವರು" ಎನ್ನುವ ಅಧಿಕಾರ ಯಾರಿಗಾದರೂ ಇದ್ದರೆ ಅವರಿಗಿತ್ತು. ಅವರು ಕೂಲಿಯ ಹಣದಲ್ಲಿ ಎರಡು ಸಾವಿರ ಹೊಂದಿಸಿ ತಮ್ಮ ಓಣಿಯನ್ನು ತಮ್ಮದಾಗಿ ಮಾಡಿಕೊಂಡರು. ಮುಂದಿನ ಹಂತಗಳಲ್ಲಿ ಉದ್ಯಮಗಳ ಉತ್ಸಾಹ ಬಾಡಿತು, ಆ ಪಾಲನ್ನು ಕಾರ್ಪೊರೇಷನ್ನೇ ಹೊರಬೇಕಾಯಿತು. ಆದರೆ ನಿವಾಸಿಗಳ ಪಾಲಿನ ಮಹತ್ವ ಅದರಿಂದ ಕಡಿಮೆಯಾಗುವುದಿಲ್ಲ. ನೋಂದಾಯಿತ ಫ್ಲ್ಯಾಟಿನಲ್ಲಿ ಕುಳಿತು ಪಾಲು ಕೊಡಲು ಹಿಂದೆಮುಂದೆ ನೋಡಿದ ನನಗೆ ಇದನ್ನು ನೆನೆದಾಗ ತಲೆ ತಗ್ಗಿತು.

ಹಣವಲ್ಲದ ಇನ್ನೊಂದು ಪಾಲೂ ಗುಜರಾತಿನ ರಸ್ತೆಗಳಲ್ಲಿದೆ. ಅದು ಭೂಮಿಯ ಪಾಲು. ಮುಂಬಯಿ ಪ್ರಾಂತ್ಯದ 1915ರ ನಗರ ಯೋಜನಾ ಕಾಯಿದೆಯಿಂದ ಬಂದು, 1976ರ ಗುಜರಾತ್ ಕಾಯಿದೆಯಲ್ಲಿ ಉಳಿದ ಟೌನ್ ಪ್ಲಾನಿಂಗ್ ಸ್ಕೀಮಿನಲ್ಲಿ ಹಲವರ ಜಮೀನನ್ನು ಒಟ್ಟುಗೂಡಿಸಿ, ರಸ್ತೆ ಉದ್ಯಾನಗಳಿಗೆ ಬೇಕಾದಷ್ಟನ್ನು ತೆಗೆದು, ಉಳಿದದ್ದನ್ನು ಸರಿಯಾದ ಆಕಾರದಲ್ಲಿ ಮಾಲೀಕರಿಗೇ ಹಿಂದಿರುಗಿಸುತ್ತಾರೆ. ಊರನ್ನು ಸುತ್ತುವ 76 ಕಿಲೋಮೀಟರಿನ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಭೂಮಿ ಬಂದದ್ದು ಬಹುಮಟ್ಟಿಗೆ ಈ ಬಗೆಯಲ್ಲಿ. ಸೂರತ್ತಿನ ಬಂಧುಗಳಿಗೆ ಬೇರೆ ನೆನಪಿದೆ. 1994ರ ಪ್ಲೇಗಿನ ಮರುವರ್ಷ ಬಂದ ಆಯುಕ್ತ ಎಸ್.ಆರ್. ರಾವ್ ಅವರು ಅತಿಕ್ರಮಣ ಕೆಡವಿ ರಸ್ತೆಗಳನ್ನು ಅಗಲ ಮಾಡಿದರು. ಅಲ್ಲಿ ಸಿರಿವಂತರ ಕಟ್ಟಡಗಳೂ ಉಳಿಯಲಿಲ್ಲವೆಂಬುದೇ ಜನ ಅದನ್ನು ಒಪ್ಪಿದ್ದಕ್ಕೆ ಕಾರಣ.

2005ರ ಡಿಸೆಂಬರಿನಲ್ಲಿ ಕೇಂದ್ರದ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆ ಬಂದಾಗ ಹಣದ ಲೆಕ್ಕ ಬದಲಾಯಿತು. ಅಹಮದಾಬಾದಿನಂಥ ದೊಡ್ಡ ನಗರಕ್ಕೆ ಕೇಂದ್ರದ್ದು ನೂರಕ್ಕೆ 35, ರಾಜ್ಯದ್ದು 15, ನಗರದ್ದು 50. ನಮ್ಮ ಮಣಿನಗರದ ಮೂಲಕವೂ ಓಡುವ ಜನಮಾರ್ಗ ಬಸ್ಸು 2009ರ ಅಕ್ಟೋಬರಿನಲ್ಲಿ ಆರಂಭವಾದದ್ದು ಆ ಯೋಜನೆಯ ನೆರವಿನಿಂದ. ಆದರೆ ಈ ನಡುವೆ, 2007ರ ನವೆಂಬರಿನಲ್ಲಿ, ಆಕ್ಟ್ರಾಯ್ ರದ್ದಾಯಿತು. ಬದಲಿಗೆ ರಾಜ್ಯ ಸರ್ಕಾರ ಅನುದಾನ ಕೊಡಲಾರಂಭಿಸಿತು. ಲಾರಿಗಳ ಸಾಲು ಕರಗಿತು, ವ್ಯಾಪಾರಿಗಳು ಹರ್ಷಪಟ್ಟರು. ಆದರೆ ಸ್ವಂತ ಗಳಿಕೆ ಅನುದಾನವಾದಾಗ ನಗರವು ಪ್ರತಿ ವರ್ಷ ಗಾಂಧಿನಗರದ ಕಡೆ ನೋಡಬೇಕಾಗುತ್ತದೆ. ಅದೇ ಕಾಲದಲ್ಲಿ ಕಾರ್ಪೊರೇಷನ್ನಿನ ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರಿನಿಂದ 466ಕ್ಕೆ ಬೆಳೆಯಿತು. ಅಂದಮೇಲೆ ರಸ್ತೆಯ ಹೊರೆಯೂ ಅಷ್ಟೇ ಬೆಳೆಯಿತೆನ್ನಿ.

ಇನ್ನು ಪ್ರಗತಿಯ ವಿಷಯ. ಇಷ್ಟು ಕಿಲೋಮೀಟರು ಡಾಂಬರು ಹಾಕಿದೆವು ಎಂಬುದು ವರದಿಯ ಭಾಷೆ. ನನ್ನ ಅಳತೆ ಬೇರೆ: ಹಾಕಿದ ರಸ್ತೆ ಎಷ್ಟು ಮಳೆಗಾಲ ಬಾಳಿತು? ಡಾಂಬರಿಗೆ ನಿಂತ ನೀರೇ ಶತ್ರು. ರಸ್ತೆಯ ನಡು ಉಬ್ಬಿದ್ದು ಅಂಚು ತಗ್ಗಿರಬೇಕು. ಅಂಚಿನ ನೀರಿಗೆ ಮೋರಿಯ ಬಾಯಿ ತೆರೆದಿರಬೇಕು. ಹಳೆಯ ಪದರದ ಮೇಲೆ ಹೊಸ ಪದರ ಹೇರುತ್ತ ಹೋದರೆ ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರವಾಗಿ ನೀರು ಒಳಗೆ ನುಗ್ಗುತ್ತದೆ. 2017ರ ಮಳೆಗಾಲದಲ್ಲಿ ನಗರದ ರಸ್ತೆಗಳು ಕಿತ್ತುಹೋದಾಗ ವಿಷಯ ಗುಜರಾತ್ ಹೈಕೋರ್ಟಿನವರೆಗೆ ಹೋಯಿತು. ದೊಡ್ಡ ಮಳೆ ಬಂದರೆ ನಮ್ಮ ದಕ್ಷಿಣಿ ಅಂಡರ್‌ಪಾಸಿನಲ್ಲಿ ನೀರು ನಿಲ್ಲುವುದನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಅಂದಹಾಗೆ, ಇಲ್ಲಿ 'ದಕ್ಷಿಣಿ' ಎಂದರೆ ಮರಾಠಿಗರು. ಅವರೂ ಒಂದು ಕಾಲದಲ್ಲಿ ಹೊರಗಿನಿಂದ ಬಂದವರೇ. ಇಂದು ಅವರ ಹೆಸರು ಬಡಾವಣೆಯ ಹೆಸರಾಗಿದೆ.

ಕೊನೆಗೆ ನಮ್ಮ ಓಣಿ. ಗುಜರಾತಿನ ಸ್ವರ್ಣಿಮ ಜಯಂತಿ ನಗರಾಭಿವೃದ್ಧಿ ಯೋಜನೆಯಲ್ಲಿ ಖಾಸಗಿ ಸೊಸೈಟಿಗಳ ಒಳರಸ್ತೆಯಂಥ ಕೆಲಸಗಳಿಗೆ ಜನಭಾಗಿದಾರಿಯ ಭಾಗವೊಂದಿದೆ. ಅದರ ಮೂಲ ಸೂತ್ರ: ರಾಜ್ಯದ್ದು ನೂರಕ್ಕೆ 70, ನಿವಾಸಿಗಳದ್ದು 20, ನಗರಸಂಸ್ಥೆಯದು 10. ನೂರರಲ್ಲಿ ಇಪ್ಪತ್ತು ಎಂದರೆ ಹೊರೆ ಎಂದು ಕೆಲವರು, ಸರ್ಕಾರದ ಕೆಲಸಕ್ಕೆ ನಾವೇಕೆ ಕೊಡಬೇಕೆಂದು ಕೆಲವರು. ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ತೆರಿಗೆ ಕಟ್ಟಿದವನು ಮತ್ತೆ ಪಾಲನ್ನೂ ಕೊಡಬೇಕೆ ಎಂಬ ಪ್ರಶ್ನೆಯನ್ನು ಕಾರ್ಪೊರೇಟರರ ಮುಂದೆ ಎತ್ತಲೇಬೇಕು. ಆದರೆ ಆ ಪ್ರಶ್ನೆ ಎತ್ತಲು ನಾವು ಸಭೆಗೆ ಹೋಗಬೇಕು, ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರಿರಬೇಕು. ಈ ನಗರದ 48 ವಾರ್ಡುಗಳಲ್ಲಿ 192 ಮಂದಿ ಕಾರ್ಪೊರೇಟರರಿದ್ದಾರೆ. ಪ್ರತಿ ವಾರ್ಡಿಗೆ ನಾಲ್ವರು. ನಮ್ಮ ವಾರ್ಡಿನ ನಾಲ್ವರ ಹೆಸರು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲಿರಿ? ಬೆಂಗಳೂರಿನ ಗುಂಡಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮಗೆ ಇದು ಗೊತ್ತಿರಬೇಡವೆ?

ನನ್ನ ಬಿನ್ನಹ ಮೂರು. ಒಂದು, ನಮ್ಮ ನಮ್ಮ ಸೊಸೈಟಿಗಳಲ್ಲಿ ಈ ಇಪ್ಪತ್ತರ ಪಾಲನ್ನು ಕನ್ನಡಿಗರು ಮೊದಲು ಕೊಡೋಣ. ಎರಡು, ಕೊಟ್ಟ ಮೇಲೆ ಸುಮ್ಮನೆ ಕೂರದೆ ಕಾಮಗಾರಿಯ ಅಂದಾಜುಪಟ್ಟಿ ಕೇಳಿ ಪಡೆಯೋಣ. ಇಳಿಜಾರು ಯಾವ ಕಡೆಗೆ, ಮೋರಿ ಎಲ್ಲಿ, ಕೆಟ್ಟರೆ ಗುತ್ತಿಗೆದಾರ ಎಷ್ಟು ವರ್ಷ ರಿಪೇರಿ ಮಾಡಿಕೊಡಬೇಕು ಎಂಬುದನ್ನು ಬರೆದಿಟ್ಟುಕೊಳ್ಳೋಣ. ಮೂರು, ಗುಜರಾತಿ ಓದಲು ಬಾರದ ನಮ್ಮ ಹಿರಿಯರಿಗೆ ತೆರಿಗೆ ಬಿಲ್ಲನ್ನು ಓದಿ ಹೇಳುವ ಕೆಲಸವನ್ನು ನಮ್ಮ ಯುವಕ ಯುವತಿಯರು ವಹಿಸಿಕೊಳ್ಳಲಿ.

ಮುಂದಿನ ಭಾನುವಾರ ನಮ್ಮ ಸೊಸೈಟಿಯ ಸಭೆ ಮತ್ತೆ ಸೇರುತ್ತದೆ. ಅಂದು ನನ್ನ ಪಾಲನ್ನು ಮೊದಲು ಬರೆಸುತ್ತೇನೆಂದು ನಿಮ್ಮೆದುರು ಹೇಳುತ್ತಿದ್ದೇನೆ. ನಮ್ಮ ಮಕ್ಕಳು ಸೈಕಲ್ ಕಲಿಯುವುದು ಈ ರಸ್ತೆಯಲ್ಲಿ. ನಾಳೆ ನಮ್ಮನ್ನು ಹೊತ್ತು ನಡೆಯುವುದೂ ಬಹುಶಃ ಇದೇ ರಸ್ತೆಯಲ್ಲಿ. ಅದಕ್ಕೆ ಕೊಟ್ಟ ಹಣ ಪರರ ಊರಿಗೆ ಕೊಟ್ಟದ್ದೆಂದು ನನಗೆ ಇನ್ನು ಅನಿಸುವುದಿಲ್ಲ.