ಮೊದಲ ಗಿಟಾರು

ಒಂದು ಮನೆಗೆ ಮೊದಲ ಬಾರಿಗೆ ವಾದ್ಯವೊಂದು ಬರುವುದು ಸಣ್ಣ ಸಂಗತಿಯಲ್ಲ. ಹುನಗುಂದ, ಇಳಕಲ್ಲು, ಬಾಗಲಕೋಟೆ, ಬಾದಾಮಿಗಳ ಕಡೆಯ ಹಳೆಯ ಮನೆಗಳಲ್ಲಿ ಆ ವಾದ್ಯ ಸಾಮಾನ್ಯವಾಗಿ ಪೇಟಿಯಾಗಿರುತ್ತಿತ್ತು, ಇಲ್ಲವೆ ತಬಲಾ. ಸಂಗೀತದ ಅಭ್ಯಾಸ ಗಟ್ಟಿಯಾಗಿ ಬೇರೂರಿದ ಮನೆಯಾದರೆ ತಂಬೂರಿ. ಈಗ ಅದೇ ಮನೆಗಳ ಮಕ್ಕಳು ಗಿಟಾರು ಬೇಕೆನ್ನುತ್ತಾರೆ. ಇದನ್ನು ಕೇಳಿ ಹಿರಿಯರಲ್ಲಿ ಕೆಲವರು ನಗುತ್ತಾರೆ, ಕೆಲವರು ಮುನಿಯುತ್ತಾರೆ. ಹೆಚ್ಚಿನವರು ಮಗುವಿನ ಆಸೆಯನ್ನು ಮುರಿಯಲಾರದೆ, ಆದರೆ ಅದಕ್ಕಾಗಿ ಹೆಚ್ಚು ತಲೆ ಕೆಡಿಸಿಕೊಳ್ಳಲೂ ಒಲ್ಲದೆ, ಕೈಗೆ ಸಿಕ್ಕಿದ್ದೊಂದನ್ನು ತಂದುಕೊಡುತ್ತಾರೆ. ನಕ್ಕವರಿಂದಲೂ ಮುನಿದವರಿಂದಲೂ ಆಗದ ಕೇಡು ಹಲವು ವೇಳೆ ಈ ಮೂರನೆಯವರ ಔದಾರ್ಯದಿಂದ ಆಗುತ್ತದೆ. ಅದು ಹೇಗೆ, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದೇ ಈ ಭಾಷಣದ ವಿಷಯ.

ಗಿಟಾರು ನಮ್ಮದಲ್ಲ ಎಂಬ ಆಕ್ಷೇಪಕ್ಕೆ ಮೊದಲು ಒಂದು ಮಾತು. ಪೇಟಿಯೂ ಒಂದು ಕಾಲಕ್ಕೆ ನಮ್ಮದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಕೈತಿದಿಯ ರೂಪ ಪಡೆದು, ಅದು ನಮ್ಮ ಭಜನೆಯ ಗುಡಿಗಳಿಗೂ ನಾಟಕದ ಕಂಪನಿಗಳಿಗೂ ಬಂದಿತು. ಹುನಗುಂದ ತಾಲೂಕಿನವರೇ ಆದ ಕಂದಗಲ್ಲ ಹನುಮಂತರಾಯರ ನಾಟಕಗಳಾಗಲಿ, ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಬೆಳೆದುಬಂದ ರಂಗಸಂಗೀತವಾಗಲಿ, ಪೇಟಿಯಿಲ್ಲದೆ ಊಹೆಗೂ ನಿಲುಕುವುದಿಲ್ಲ. ಆದರೂ 1940ರಲ್ಲಿ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿತು. ಅದರ ಸ್ವರಗಳು ಅಚಲ, ಅದರಲ್ಲಿ ಮೀಂಡು ಬಾರದು ಎಂಬುದು ಆಕ್ಷೇಪ. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಗಿಟಾರಿನ ದಂಡಿಯ ಮೇಲೂ ಅಚಲವಾದ ಮೆಟ್ಟಿಲುಗಳಿವೆ. ಆದರೆ ತಂತಿಯನ್ನು ಎಳೆಯಬಹುದು, ಅದರ ಮೇಲೆ ಉಕ್ಕಿನ ಸಲಾಕೆಯನ್ನು ಜಾರಿಸಬಹುದು. ಬ್ರಿಜಭೂಷಣ ಕಾಬ್ರಾ ಅವರು ಹೀಗೆ ಜಾರಿಸಿ ನುಡಿಸಿದ ಗಿಟಾರು 1967ರ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಧ್ವನಿಮುದ್ರಿಕೆಯಲ್ಲಿ ಸಂತೂರು, ಕೊಳಲುಗಳ ಜೊತೆಗೆ ಸರಿಸಮನಾಗಿ ಕುಳಿತಿದೆ. ಹೊರಗಿನದೆಂಬ ಕಾರಣಕ್ಕೆ ವಾದ್ಯವನ್ನು ದೂರವಿಡುವ ವಾದ ನಮ್ಮಲ್ಲಿ ಹೆಚ್ಚು ಕಾಲ ನಿಂತದ್ದಿಲ್ಲ.

ಇನ್ನು ಕೇಡಿನ ಮಾತು. ಕೆಟ್ಟ ಗಿಟಾರು ನೋಡಲು ಕೆಟ್ಟದಾಗಿರುವುದಿಲ್ಲ. ಹಲವು ವೇಳೆ ಅದೇ ಹೆಚ್ಚು ಹೊಳೆಯುತ್ತದೆ. ಆದರೆ ಅದರ ತಂತಿಗಳು ದಂಡಿಯಿಂದ ಬಹಳ ಎತ್ತರದಲ್ಲಿರುತ್ತವೆ. ಅವನ್ನು ಒತ್ತಿ ಹಿಡಿಯುವಷ್ಟರಲ್ಲಿ ಎಳೆಯ ಬೆರಳು ಕೊಯ್ದುಹೋದಂತಾಗುತ್ತದೆ. ಬಿರಡೆಗಳು ಸಡಿಲ, ಶ್ರುತಿ ಕೂಡಿಸಿ ಒಂದು ಹಾಡು ಮುಗಿಯುವುದರೊಳಗೆ ಇಳಿದಿರುತ್ತದೆ. ಮೆಟ್ಟಿಲುಗಳ ಅಂತರ ಲೆಕ್ಕ ತಪ್ಪಿದ್ದರೆ ಎಷ್ಟು ಕೂಡಿಸಿದರೂ ಸ್ವರ ಕೂಡುವುದೇ ಇಲ್ಲ. ಅನುಭವಿಯಾದವನು ಇದನ್ನು ಕ್ಷಣದಲ್ಲಿ ತಿಳಿದು ವಾದ್ಯವನ್ನು ಬದಿಗಿಡುತ್ತಾನೆ. ಹೊಸಬನಿಗೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು? ತನ್ನ ಬೆರಳಿಗೆ ಶಕ್ತಿಯಿಲ್ಲ, ತನ್ನ ಕಿವಿಗೆ ಸ್ವರವಿಲ್ಲ ಎಂದು ಅವನು ತೀರ್ಮಾನಿಸುತ್ತಾನೆ. ಮೂರು ತಿಂಗಳಲ್ಲಿ ಗಿಟಾರು ಅಟ್ಟ ಸೇರುತ್ತದೆ. ‘ನಮ್ಮ ಹುಡುಗನಿಗೆ ಸಂಗೀತ ಹತ್ತಲಿಲ್ಲ’ ಎಂಬ ಮಾತು ಮನೆಯಲ್ಲಿ ಉಳಿಯುತ್ತದೆ. ವಾದ್ಯದ ದೋಷ ಹೀಗೆ ಮನುಷ್ಯನ ದೋಷವಾಗಿ ದಾಖಲಾಗುತ್ತದೆ, ಮತ್ತು ಆ ದಾಖಲೆಯನ್ನು ತಿದ್ದುವವರು ಯಾರೂ ಇರುವುದಿಲ್ಲ.

ವಾದ್ಯ ಕೊಳ್ಳುವ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಂದು ಪದ್ಧತಿಯಿತ್ತು. ತಂಬೂರಿ ಬೇಕಾದರೆ ಈ ಭಾಗದವರು ಮೀರಜಿಗೆ ಹೋಗುತ್ತಿದ್ದರು, ಇಂದಿಗೂ ಹೋಗುತ್ತಾರೆ. ಹಿಂದೆ ಕತ್ತಿ ಮಸೆಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಲ್ಲಿ ತಂತಿವಾದ್ಯಗಳ ಕೆಲಸಕ್ಕೆ ಕೈಹಾಕಿದರು. ಪಂಢರಪುರದ ಸುತ್ತಿನಿಂದ ಬರುವ ದೊಡ್ಡ ಸೋರೆಬುರುಡೆಗಳು ಅವರ ಕೈಯಲ್ಲಿ ತಂಬೂರಿಯ, ಸಿತಾರಿನ ಕೊಡಗಳಾಗುತ್ತವೆ. ಮೀರಜಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅಲ್ಲಿಗೆ ಹೋಗುವವರು ಒಬ್ಬರೇ ಹೋಗುತ್ತಿರಲಿಲ್ಲ. ಗುರುಗಳನ್ನೋ, ಗುರುಗಳು ಹೇಳಿ ಕಳಿಸಿದ ಹಿರಿಯ ಶಿಷ್ಯನನ್ನೋ ಮುಂದಿಟ್ಟುಕೊಂಡು ಹೋಗುತ್ತಿದ್ದರು. ಹಾಡುವವರು ಗಂಡಸೋ ಹೆಂಗಸೋ, ಅವರ ದನಿಯ ಆಧಾರಶ್ರುತಿ ಯಾವುದು ಎಂದು ಕೇಳಿ ವಾದ್ಯದ ಅಳತೆ ನಿಶ್ಚಯವಾಗುತ್ತಿತ್ತು. ಕೊನೆಗೆ, ಮೀಟಿ ಕಿವಿಗೊಟ್ಟು ಒಪ್ಪಿದ ಮೇಲೆಯೇ ಹಣದ ಮಾತು. ಮೊದಲು ಗುರು, ಆಮೇಲೆ ಅಳತೆ, ಆಮೇಲೆ ನಾದ, ಎಲ್ಲಕ್ಕೂ ಕೊನೆಗೆ ಅಂದಚೆಂದ. ಗಿಟಾರಿನ ಅಂಗಡಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ.

ಮೊದಲು ಗುರು ಎಂದೆ. ಸಣ್ಣ ಊರುಗಳಲ್ಲಿ ಗಿಟಾರಿನ ಗುರು ಸುಲಭವಾಗಿ ಸಿಗುವುದಿಲ್ಲ. ಮಕ್ಕಳು ದೂರವಾಣಿಯ ಪರದೆಯಲ್ಲಿ ನೋಡಿ ಕಲಿಯುತ್ತಾರೆ. ಅದು ತಪ್ಪಲ್ಲ. ಆದರೆ ಪರದೆಯ ಮೇಲಿನ ಗುರು ಅಂಗಡಿಗೆ ಬಂದು ದಂಡಿಯನ್ನು ಹಿಡಿದು ನೋಡಲಾರ. ಕೊಳ್ಳುವ ಒಂದು ದಿನದ ಮಟ್ಟಿಗಾದರೂ ನುಡಿಸಬಲ್ಲ ಒಬ್ಬರನ್ನು ಹುಡುಕಿ ಜೊತೆಗೆ ಕರೆದೊಯ್ಯಬೇಕು. ಅದು ನೆರೆಯ ಕಾಲೇಜಿನ ಹುಡುಗನಾಗಿರಬಹುದು, ವಾದ್ಯಗೋಷ್ಠಿಯಲ್ಲಿ ನುಡಿಸುವವನಾಗಿರಬಹುದು. ಎತ್ತು ಕೊಳ್ಳಲು ಸಂತೆಗೆ ಹೋಗುವ ರೈತ ಹಲ್ಲು ಎಣಿಸಬಲ್ಲವನನ್ನು ಕರೆದೊಯ್ಯುತ್ತಾನೆ, ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಇಲ್ಲಿಯೂ ಅಷ್ಟೇ.

ಎರಡನೆಯದು ಅಳತೆ ಮತ್ತು ಜಾತಿ. ಗಿಟಾರುಗಳಲ್ಲಿ ಮುಖ್ಯವಾಗಿ ಮೂರು ಬಗೆ: ನೈಲಾನ್ ತಂತಿಯದು, ಉಕ್ಕಿನ ತಂತಿಯದು, ವಿದ್ಯುತ್ತಿನದು. ಮೂರನೆಯದಕ್ಕೆ ಧ್ವನಿವರ್ಧಕದ ಖರ್ಚು ಬೇರೆ ಇರುವುದರಿಂದ ಮೊದಲ ಕೊಳ್ಳುವಿಕೆಗೆ ಅದನ್ನು ಬಿಡಬಹುದು. ನೈಲಾನ್ ತಂತಿ ಬೆರಳಿಗೆ ಮೃದು, ಆದರೆ ಅದರ ದಂಡಿ ಅಗಲ. ಉಕ್ಕಿನ ತಂತಿ ಗಡುಸು, ದಂಡಿ ಕಿರಿದು. ಸಿನಿಮಾ ಹಾಡಿಗೆ ಜೊತೆಗೂಡುವ ಸ್ವರಗುಚ್ಛಗಳನ್ನು ಕಲಿಯಬೇಕೆನ್ನುವ ಪ್ರಾಯದ ಹುಡುಗ ಹುಡುಗಿಯರಿಗೆ ಉಕ್ಕಿನದು ಹೊಂದುತ್ತದೆ. ಚಿಕ್ಕ ಮಕ್ಕಳಿಗೆ ನೈಲಾನ್ ತಂತಿಯ, ಮುಕ್ಕಾಲು ಅಳತೆಯ ಗಿಟಾರು ಒಳ್ಳೆಯದು. ಪೂರ್ಣ ಅಳತೆಯದರಲ್ಲಿ ತಂತಿಯ ಮಿಡಿಯುವ ಉದ್ದ ಸುಮಾರು 650 ಮಿಲಿಮೀಟರು. ಎಂಟು ಒಂಬತ್ತು ವರ್ಷದ ಮಗುವಿನ ತೋಳಿಗೆ ಅದು ಎಟುಕದು. ನೈಲಾನಿಗಾಗಿ ಮಾಡಿದ ಗಿಟಾರಿಗೆ ಉಕ್ಕಿನ ತಂತಿ ಕಟ್ಟಬಾರದು. ಉಕ್ಕಿನ ಆರು ತಂತಿಗಳ ಎಳೆತ ಒಟ್ಟು ಸುಮಾರು 70 ಕಿಲೋ. ಆ ಭಾರವನ್ನು ತಡೆಯಲಾರದೆ ದಂಡಿ ಬಾಗುತ್ತದೆ, ಕುದುರೆ ಕಿತ್ತು ಏಳುತ್ತದೆ.

ಮೂರನೆಯದು ಪರೀಕ್ಷೆ. ವೀಣೆಯ ಮಾತುಗಳಲ್ಲೇ ಹೇಳುತ್ತೇನೆ. ಮೊದಲು ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಡಗಿ ಹಲಗೆಯನ್ನು ನೋಡುವಂತೆ, ಉದ್ದಕ್ಕೆ ನೋಡಬೇಕು, ತಿರುಚಿರಬಾರದು. ಹನ್ನೆರಡನೆಯ ಮೆಟ್ಟಿಲ ಬಳಿ ತಂತಿ ಎಷ್ಟು ಎತ್ತರದಲ್ಲಿದೆಯೆಂದು ಅಳೆಯಬೇಕು: ಉಕ್ಕಿನದಾದರೆ ಎರಡು, ಎರಡೂವರೆ ಮಿಲಿಮೀಟರು, ನೈಲಾನಿನದಾದರೆ ಮೂರರಿಂದ ನಾಲ್ಕು. ಇದಕ್ಕಿಂತ ಬಹಳ ಮೇಲಿದ್ದರೆ ಬೆರಳಿಗೆ ಕಷ್ಟ, ಬಹಳ ಕೆಳಗಿದ್ದರೆ ತಂತಿ ಮೆಟ್ಟಿಲಿಗೆ ತಾಗಿ ಗುಂಯ್‌ಗುಡುತ್ತದೆ. ಆಮೇಲೆ ಹನ್ನೆರಡನೆಯ ಮೆಟ್ಟಿಲ ನೇರದಲ್ಲಿ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಬೇಕು. ಗಂಟೆಯಂಥ ಸ್ವರ ಬರುತ್ತದೆ. ಅಲ್ಲಿಯೇ ಒತ್ತಿ ಮತ್ತೆ ಮೀಟಬೇಕು. ಎರಡೂ ಒಂದೇ ಸ್ವರವಾದರೆ ಮೆಟ್ಟಿಲುಗಳ ಲೆಕ್ಕ ಸರಿಯಿದೆ. ಕಿವಿಗೆ ತಿಳಿಯುವಷ್ಟು ವ್ಯತ್ಯಾಸವಿದ್ದರೆ ಆ ವಾದ್ಯವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬಾರದು. ಪ್ರತಿ ತಂತಿಯನ್ನು ಪ್ರತಿ ಮೆಟ್ಟಿಲಿನಲ್ಲಿ ಒತ್ತಿ ನೋಡಬೇಕು. ದಂಡಿಯ ಅಂಚಿನಲ್ಲಿ ಕೈಯಾಡಿಸಿದಾಗ ಮೆಟ್ಟಿಲಿನ ತುದಿಗಳು ಚುಚ್ಚಬಾರದು. ಶ್ರುತಿ ಕೂಡಿಸಿ, ಹತ್ತು ನಿಮಿಷ ನುಡಿಸಿ, ಬಿರಡೆ ಜಾರಿತೇ ಎಂದು ಮತ್ತೆ ಕೇಳಬೇಕು. ಇಳಕಲ್ಲಿನ ಸೀರೆ ಕೊಳ್ಳುವಾಗ ನಮ್ಮ ತಾಯಂದಿರು ಒಡಲೂ ಸೆರಗೂ ಕೂಡುವ ತೆನಿಯ ಜೋಡಣೆಯನ್ನು ಬೆರಳಿನಿಂದ ತಡವಿ ನೋಡದೆ ಬಿಡುವುದಿಲ್ಲ. ಅಷ್ಟೇ ತಾಳ್ಮೆ ಇಲ್ಲಿಯೂ ಸಾಕು. ಅಂಗಡಿಯವನು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಎರಡು ಮೂರು ವಾದ್ಯಗಳು ಈ ಪರೀಕ್ಷೆಯಲ್ಲಿ ಗೆದ್ದು ನಿಂತರೆ ಆಯ್ಕೆ ಹೇಗೆ? ಮಗುವನ್ನು ಬೆನ್ನು ತಿರುಗಿಸಿ ಕೂರಿಸಿ, ಜೊತೆಗೆ ಬಂದವರಿಂದ ಒಂದೊಂದನ್ನೂ ನುಡಿಸಿ, ಯಾವುದು ಇಷ್ಟವಾಯಿತೆಂದು ಕೇಳಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ತಲೆಮಾರುಗಳಿಂದ ಸಂಗೀತ ಕಲಿತಿದ್ದಾರೆ. ಅಲ್ಲಿಯ ಪುಟ್ಟರಾಜ ಗವಾಯಿಗಳು ಕಣ್ಣಿನ ನೆರವಿಲ್ಲದೆಯೇ ಹಲವಾರು ವಾದ್ಯಗಳನ್ನು ಕೈವಶ ಮಾಡಿಕೊಂಡಿದ್ದರು. ವಾದ್ಯವನ್ನು ಅರಿಯುವುದು ಕಿವಿ ಮತ್ತು ಬೆರಳು ಎಂಬುದಕ್ಕೆ ನಮ್ಮ ನೆರೆಯಲ್ಲೇ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಣ್ಣ ನೋಡಿ ಕೊಂಡ ಗಿಟಾರನ್ನು ಮಗು ಎದೆಗವಚಿಕೊಂಡು ನುಡಿಸುವಾಗ ಆ ಬಣ್ಣ ಕಾಣುವುದು ಎದುರಿಗಿರುವವರಿಗೆ ಮಾತ್ರ.

ಎಲ್ಲಿ ಕೊಳ್ಳಬೇಕು? ಹತ್ತು ಗಿಟಾರುಗಳನ್ನು ಹೋಲಿಸಿ ನೋಡಬೇಕೆಂದರೆ ಹುನಗುಂದದವರಿಗೆ ಹುಬ್ಬಳ್ಳಿ ಅನುಕೂಲ; ಬೆಳಗಾವಿಯೂ ಆದೀತು. ಹೋಗಿ ಬರಲು ಒಂದು ದಿನ ಬೇಕು, ಆ ದಿನ ವ್ಯರ್ಥವಲ್ಲ. ಗಿವ್ಸನ್ ಮೊದಲಾದ ಕಲ್ಕತ್ತೆಯ ಗಿಟಾರುಗಳು ಬಹಳ ಕಾಲದಿಂದ ನಮ್ಮ ಪೇಟೆಗಳಲ್ಲಿ ಅಗ್ಗವಾಗಿ ದೊರೆಯುತ್ತಿವೆ. ಇವುಗಳಲ್ಲಿ ಒಂದೊಂದು ಒಂದೊಂದು ತೆರ. ಒಳ್ಳೆಯದು ಸಿಕ್ಕರೆ ಲಾಭ, ಆದರೆ ಪರೀಕ್ಷಿಸದೆ ತರುವಂತಿಲ್ಲ. ಯಮಹಾದಂಥ ದೊಡ್ಡ ತಯಾರಕರ ಆರಂಭದ ದರ್ಜೆಯ ಗಿಟಾರುಗಳಿಗೆ ಬೆಲೆ ಹೆಚ್ಚು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ. ಅಂತರ್ಜಾಲದ ಅಂಗಡಿಯಿಂದ ಮನೆಗೇ ತರಿಸುವುದಾದರೆ ಇಂಥವನ್ನೇ ತರಿಸಬೇಕು. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ದಾರಿ ಹಳೆಯ ಗಿಟಾರು. ಕಾಲೇಜುಗಳ ವಸತಿಗೃಹಗಳಿರುವ ಯಾವ ಊರಿನಲ್ಲಿಯೂ ಉತ್ಸಾಹದಿಂದ ಕೊಂಡು ಕೈಬಿಟ್ಟ ಗಿಟಾರುಗಳಿಗೆ ಬರವಿಲ್ಲ. ಅವುಗಳಲ್ಲಿ ಒಳ್ಳೆಯದು ಅರ್ಧ ಬೆಲೆಗೆ ದೊರೆತೀತು. ಬಿರಡೆಗಳಿರುವ ತಲೆ ದಂಡಿಗೆ ಸೇರುವಲ್ಲಿ ಬಿರುಕಿದೆಯೇ, ಕುದುರೆ ಎದ್ದಿದೆಯೇ, ಅದರ ಹಿಂದೆ ಹಲಗೆ ಉಬ್ಬಿದೆಯೇ ಎಂಬ ಮೂರನ್ನು ನೋಡಿಕೊಂಡರೆ ಸಾಕು. ತುಕ್ಕುಹಿಡಿದ ತಂತಿಗೆ ಹೆದರಬೇಕಾಗಿಲ್ಲ, ಅದು ಬದಲಾಗುವಂಥದು.

ನಮ್ಮ ಸೀಮೆಯ ಹವೆಯನ್ನೂ ಮರೆಯಬಾರದು. ಹಲಗೆಯ ಮೇಲ್ಭಾಗ ಒಂದೇ ಮರದ ಸೀಳಾಗಿದ್ದರೆ ನಾದ ಶ್ರೇಷ್ಠ ಎನ್ನುತ್ತಾರೆ, ನಿಜ. ಆದರೆ ಎರೆಹೊಲವೇ ಬಾಯಿಬಿಡುವ ನಮ್ಮ ಏಪ್ರಿಲ್ ತಿಂಗಳಿನಲ್ಲಿ ಅಂಥ ಮರವೂ ಒಣಗಿ ಬಿರಿಯಬಲ್ಲದು. ಪದರ ಪದರವಾಗಿ ಅಂಟಿಸಿದ ಹಲಗೆಯ ಗಿಟಾರಿಗೆ ನಾದ ತುಸು ಕಡಿಮೆಯಾದರೂ ಬಾಳಿಕೆ ಹೆಚ್ಚು. ಮೊದಲ ವಾದ್ಯಕ್ಕೆ ಅದೇ ಲೇಸು. ಪಡುವಣ ಬಿಸಿಲು ಬೀಳುವ ಗೋಡೆಗೆ ಅದನ್ನು ತೂಗುಹಾಕಬಾರದು, ತಗಡಿನ ಮಾಡಿನ ಅಟ್ಟದಲ್ಲಿ ಇಡಬಾರದು. ಇಟ್ಟುಕೊಂಡ ಹಣದಲ್ಲಿ ಒಂದು ಜೊತೆ ತಂತಿ, ಒಂದು ಗವಸು, ಒಂದು ಶ್ರುತಿಮಾಪಕ, ಮೂರು ತಿಂಗಳ ಪಾಠದ ಶುಲ್ಕ, ಇವಿಷ್ಟನ್ನು ಬದಿಗೆ ತೆಗೆದು ಉಳಿದುದರಲ್ಲಿ ಗಿಟಾರು ಕೊಳ್ಳುವುದು ಜಾಣತನ.

ಇಷ್ಟೆಲ್ಲ ಮಾಡಿಯೂ ಮಗು ವರ್ಷದ ಕೊನೆಗೆ ಗಿಟಾರನ್ನು ಬಿಟ್ಟುಬಿಡಬಹುದು. ಬಿಡಲಿ. ಸಂಗೀತ ಎಲ್ಲರನ್ನೂ ಹಿಡಿದಿಡುವುದಿಲ್ಲ, ಹಿಡಿದಿಡಬೇಕೆಂಬ ನಿಯಮವೂ ಇಲ್ಲ. ಆದರೆ ಆ ಬಿಡುವಿಕೆ ಅದರ ಸ್ವಂತ ತೀರ್ಮಾನವಾಗಿರಬೇಕು; ಶ್ರುತಿ ನಿಲ್ಲದ ಒಂದು ಮರದ ಪೆಟ್ಟಿಗೆ ಅದರ ಪರವಾಗಿ ತೀರ್ಮಾನ ಮಾಡಬಾರದು. ‘ನನಗೆ ಬರುವುದಿಲ್ಲ’ ಎನ್ನುವುದಕ್ಕೂ ‘ನನಗೆ ಬೇಡ’ ಎನ್ನುವುದಕ್ಕೂ ಒಂದು ಬಾಳಿನಷ್ಟು ಅಂತರವಿದೆ. ಆ ಅಂತರವನ್ನು ಕಾಯ್ದುಕೊಡುವುದು ಹುಬ್ಬಳ್ಳಿಯ ಬಸ್ಸು ಹತ್ತುವ ತಂದೆತಾಯಿಗಳ ಕೈಯಲ್ಲಿದೆ.