ಸೊಸೆಗಷ್ಟೇ ಏಕೆ ಪರೀಕ್ಷೆ?



ಈಚೆಗೆ ತಾಯಿಯೊಬ್ಬರು ಮಗ-ಸೊಸೆಯೊಂದಿಗೆ ಮಠಕ್ಕೆ ಬಂದು, ಮಕ್ಕಳಾಗಿಲ್ಲ, ಸೊಸೆಗೆ ತಾಯಿತ ಕೊಡಿ ಎಂದರು. ನಾವು ತಾಯಿತ ಕೊಡುವವರಲ್ಲ. ಸೊಸೆಗೆ ಎಲ್ಲ ಪರೀಕ್ಷೆ ಆಗಿತ್ತು. ಮಗನಿಗೆ ಒಂದೂ ಇಲ್ಲ. ಅವನು ಮೆಲ್ಲಗೆ, "ಬುದ್ಧಿ, ಜೇಬಿನ ಮೊಬೈಲಿನಿಂದ ಹೀಗಾಗಿರಬಹುದೇ?" ಎಂದ.

ಸ್ವಿಟ್ಜರ್ಲೆಂಡಿನ 2,886 ತರುಣರ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ದಿನಕ್ಕೆ 20 ಸಲಕ್ಕಿಂತ ಹೆಚ್ಚು ಮೊಬೈಲ್ ಬಳಸುವವರಲ್ಲಿ ವೀರ್ಯಾಣುಗಳ ಪ್ರಮಾಣ ಕಡಿಮೆ ಕಂಡಿತು. ಆದರೆ ಜೇಬಿನಲ್ಲಿಡುವುದಕ್ಕೂ ಅದಕ್ಕೂ ನಂಟು ಕಾಣಲಿಲ್ಲ. ತರಂಗಗಳೇ ಕಾರಣವೆಂದೂ ಸಿದ್ಧವಾಗಲಿಲ್ಲ. ಬೀಡಿ-ಸಿಗರೇಟಿನ ಹಾನಿಗೆ ಇದಕ್ಕಿಂತ ಗಟ್ಟಿ ಪುರಾವೆಯಿದೆ.

"ಮೊಬೈಲನ್ನು ಚೀಲದಲ್ಲಿಟ್ಟುಕೋ, ತಪ್ಪಿಲ್ಲ. ಮೊದಲು ನಿನ್ನ ವೀರ್ಯ ಪರೀಕ್ಷೆ ಮಾಡಿಸು" ಎಂದೆ. ತಾಯಿಗೆ ಸಿಟ್ಟು ಬಂತು. ಬರಲಿ. ಮುಂದಿನ ವಾರ ಮಗನೊಬ್ಬನೇ ಆಸ್ಪತ್ರೆಗೆ ಹೋಗಿಬಂದ.